ತಳ ಬಿಚ್ಚಿದ ದೋಣಿ

ಕಾರ್ತಿಕ ಕಳೆಯುತ್ತಿದ್ದಂತೆ ನಮ್ಮೂರ ನಾಲೆಗೆ ಮೇಲಿನ ಗೇಟು ಹಾಕಿಬಿಡುತ್ತಾರೆ. ಮೂರು ದಿನ ನೀರು ಹರಿದು ಹೋಗುತ್ತದೆ. ನಾಲ್ಕನೆಯ ದಿನ ನಾವು ದೋಣಿಯವರು ಏರಿಯ ಮೇಲೆ ಸಾಲಾಗಿ ಕೂತು ದೋಣಿಗಳ ತಳ ಬಿಚ್ಚುತ್ತೇವೆ. ಬಿಚ್ಚಿದ ಹಲಗೆಗಳಿಗೆ ಸುಣ್ಣದಲ್ಲಿ ನಂಬರು ಬರೆದು ಅಟ್ಟಕ್ಕೆ ಸೇರಿಸಿದರೆ ಉಳಿಯುವುದು ಬರೀ ಸುತ್ತಿನ ಗೋಡೆ, ಅದರ ಮೇಲೆ ಎರಡು ಅಡ್ಡಪಟ್ಟಿ. ಅದನ್ನು ಹಗ್ಗ ಕಟ್ಟಿ ಹೆಗಲಿಗೆ ಹಾಕಿಕೊಂಡು, ಒಳಗೆ ನಿಂತು, ಒಣಗಿದ ನಾಲೆಯಲ್ಲಿ ನಡೆಯುತ್ತೇವೆ. ನೀರಿದ್ದಾಗ ಕೂತು ಬರುತ್ತಿದ್ದ ಜನ ಮಾಗಿಯಲ್ಲಿ ನಡೆದು ಬರುತ್ತಾರೆ, ಅಷ್ಟೇ ವ್ಯತ್ಯಾಸ. ಹೊರಗಿನವರು ನೋಡಿ ನಗುತ್ತಾರೆ. ನಗಲಿ. ದೋಣಿಯ ಅಂಚು ದಾಟಿ ಒಂದು ಹೆಜ್ಜೆ ಆಚೆ ಇಡಲಿ, ಶ್ರಾವಣದಲ್ಲಿ ಅಲ್ಲಿ ಎಷ್ಟು ನೀರಿತ್ತೋ ಅಷ್ಟರವರೆಗೆ ತೊಯ್ದು ತೊಪ್ಪೆಯಾಗುತ್ತಾರೆ. ಆಮೇಲೆ ನಗುವುದಿಲ್ಲ, ಟವಲು ಕೇಳುತ್ತಾರೆ.

ನಮಗೆ ಇದು ಹುಟ್ಟಿದಾಗಿನಿಂದ ಅಭ್ಯಾಸ. ಹೂಳೆತ್ತುವ ಆಳುಗಳೂ ಹಳೆಯ ದೋಣಿಯ ಚೌಕಟ್ಟುಗಳನ್ನು ಇಟ್ಟುಕೊಂಡು ಅದರೊಳಗೇ ಗುದ್ದಲಿ ಹಾಕುತ್ತಾರೆ. ನಾಯಿಗಳು ಮಾತ್ರ ಯಾವ ದೋಣಿಗೂ ಕಾಯುವುದಿಲ್ಲ. ನೆಲದಿಂದ ಒಂದಾಳು ಎತ್ತರದಲ್ಲಿ, ಬರಿಯ ಗಾಳಿಯಲ್ಲಿ ನಾಲ್ಕು ಕಾಲು ಬಡಿಯುತ್ತ ಈಜಿಕೊಂಡು ಆಚೆ ದಡ ಸೇರಿ ಮೈ ಕೊಡವುತ್ತವೆ. ಹಾಗೆ ಕೊಡವಿದ ನೀರು ಎಷ್ಟೋ ಸಲ ನನ್ನ ಮುಖಕ್ಕೇ ಬಿದ್ದಿದೆ.

ನಾಲೆ ತುಂಬಿರುವಷ್ಟು ಕಾಲ ಒಬ್ಬೊಬ್ಬ ದೋಣಿಯವನಿಗೆ ಒಂದೊಂದು ಕಡವು. ನನ್ನದು ಹುಣಸೇಕಡವು, ಹಾಗಾಗಿ ನಾನು ಹುಣಸೇಕಡವಿನ ದಾಸಪ್ಪ. ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ, ವರ್ಷವೆಲ್ಲ ಗಾಣದೆತ್ತಿನ ಬಾಳು. ಮಾಗಿಯಲ್ಲಿ ಮಾತ್ರ ಉದ್ದಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು. ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಕೈಜಾರಿದ ಚೊಂಬು, ಸಡಿಲವಾಗಿ ಬಿದ್ದ ಕಾಲುಂಗುರ ಹುಡುಕುವವರು ಕೆಲವರು, ಸುಮ್ಮನೆ ಬಿಸಿಲು ಕಾಯಿಸಿಕೊಂಡು ಹರಟುವವರು ಹಲವರು. ದೋಣಿಯ ಅಂಚಿನೊಳಗೆ ಬಂದದ್ದನ್ನು ಬಗ್ಗಿ ಎತ್ತಿಕೊಳ್ಳಬಹುದು. ಹೊರಗಿದ್ದದ್ದಕ್ಕೆ ಕೈ ಚಾಚಿದರೆ ತೋಳು ನೆನೆಯುತ್ತದೆ, ವಸ್ತು ನಿಧಾನವಾಗಿ ಅತ್ತ ಸರಿಯುತ್ತದೆ. ನನಗೆ ವರ್ಷದಲ್ಲಿ ಈ ಎರಡು ತಿಂಗಳೇ ಹಬ್ಬ. ಹೋದ ವರ್ಷದ ಮಾಗಿಯೊಂದನ್ನು ಬಿಟ್ಟು.

ದೋಣಿಯವರದು ಇನ್ನೊಂದು ಕಟ್ಟುಪಾಡಿದೆ. ದೋಣಿ ನಡೆಸುವವನು ನಡುನೀರಿನಲ್ಲಿ ಯಾರಿಗಾದರೂ ‘ಇಳಿ’ ಅಂದರೆ ಅವನು ಇಳಿಯಲೇಬೇಕು. ಮತ್ತೆ ಅದೇ ಬಾಯಿ ‘ಹತ್ತು’ ಅನ್ನುವವರೆಗೆ ಈ ನಾಲೆಯ ಯಾವ ದೋಣಿಯೂ ಅವನನ್ನು ಹತ್ತಿಸಿಕೊಳ್ಳುವುದಿಲ್ಲ. ಇಳಿಸಿದವನ ಎದುರಾಗಲಿ, ಅವನ ಮನೆಯವರ ಎದುರಾಗಲಿ ಉಳಿದವರು ಇಳಿದವನ ಹೆಸರನ್ನೂ ಎತ್ತುವುದಿಲ್ಲ. ಜಗಳ ಯಾರದೋ ಅವರೇ ಬಿಡಿಸಿಕೊಳ್ಳಲಿ ಅಂತ. ನಮ್ಮಪ್ಪ ತನ್ನ ಆಯಸ್ಸಿನಲ್ಲಿ ಆ ಮಾತನ್ನು ಒಂದೇ ಸಲ ಆಡಿದ್ದ, ಅದೂ ಕುಡಿದು ಬಂದು ಹೆಂಗಸರನ್ನು ರೇಗಿಸಿದವನಿಗೆ. ನಾನು ಆಡಿದ್ದು ನನ್ನ ಹೆಂಡತಿಯ ಒಬ್ಬನೇ ತಮ್ಮನಿಗೆ.

ಅವನ ಹೆಸರು ಮುದ್ದುರಂಗ. ಹನ್ನೆರಡು ವರ್ಷದಿಂದ ನನ್ನ ಜೊತೆ ದೋಣಿಯಲ್ಲಿದ್ದ. ಕೆಲಸಗಾರ, ಆದರೆ ಬಾಯಿ ಬಿಗಿ ಇಲ್ಲ. ತಾನು ಕಂಡದ್ದನ್ನು ಆಡದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಆಚೆ ದಡದ ಸಂತೆಗೆ ಜನರನ್ನು ಬಿಟ್ಟು ನಾವಿಬ್ಬರೇ ಖಾಲಿ ದೋಣಿಯಲ್ಲಿ ಮರಳುತ್ತಿದ್ದೆವು. ನಾಲೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಕಡವಿನ ಕಲ್ಲುಕಂಬ ನನಗೆ ಕಾಣಲಿಲ್ಲ. ದೋಣಿ ಹೋಗಿ ಅದಕ್ಕೆ ಉಜ್ಜಿ ತಿರುಗಿ ಮತ್ತೆ ನಡುನೀರಿಗೇ ಬಂತು.

“ಕಣ್ಣು ಮಂಜಾಗ್ಬುಟ್ಟದೆ ಭಾವ ನಿಂಗೆ,” ಅಂದ ಮುದ್ದುರಂಗ. “ಈ ತಿಂಗಳಲ್ಲಿ ಇದು ನಾಕ್ನೇ ಸಲ. ಹುಟ್ಟು ನನ್ ಕೈಗೆ ಕೊಡು.”

“ನನ್ ಕಣ್ಣಿಗೆ ಏನೂ ಆಗಿಲ್ಲ. ಬಿಸ್ಲು ಹೊಡೀತು.”

“ಮೋಡ ಮುಚ್ಕಂಡದೆ, ಬಿಸ್ಲೆಲ್ಲಿ ಬಂತು? ಕಾಣಾಕಿಲ್ಲ ಅಂದ್ರೆ ಕಾಣಾಕಿಲ್ಲ ಅನ್ನು. ನಾಳೆ ಯಾರ್ನಾರ ಮುಳುಗಿಸ್ಬುಟ್ಟೀಯ.”

ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಉರಿದುಹೋಯಿತು. ಕಣ್ಣು ಕಾಣದ ದೋಣಿಯವನನ್ನು ಯಾರು ದೋಣಿಯವನೆನ್ನುತ್ತಾರೆ? ಸುಳ್ಳು ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. “ಇಳಿ,” ಅಂದುಬಿಟ್ಟೆ.

ಅವನು ನನ್ನ ಮುಖವನ್ನೇ ನೋಡಿದ. ಹೆಗಲ ಟವಲು ತೆಗೆದು ತಲೆಗೆ ಬಿಗಿದುಕೊಂಡ. “ಅಂದ್ಯಲ್ಲ ಭಾವ,” ಎಂದಷ್ಟೇ ಹೇಳಿ ಅಂಚು ದಾಟಿ ಇಳಿದ. ನಾನು ತಿರುಗಿ ನೋಡಲಿಲ್ಲ. ಬಿಂಕ. ನಾಲ್ಕು ಸಲ ಹುಟ್ಟು ಹಾಕಿದ ಮೇಲೆ ಬಿಂಕ ಇಳಿದು ತಿರುಗಿ ನೋಡಿದೆ. ಕೆಂಪು ನೀರು, ಅದರಾಚೆ ಹಸಿರು ಹಸಿರಾಗಿ ದಡ. ಮನುಷ್ಯನೆಂಬುವನು ಎಲ್ಲೂ ಕಾಣಲಿಲ್ಲ. ಹೆಸರು ಹಿಡಿದು ಕೂಗಿದೆ. ದೋಣಿ ತಿರುಗಿಸಿ ಕತ್ತಲಾಗುವವರೆಗೆ ಸುತ್ತಿದೆ. ಆಮೇಲೆ ಮನೆಗೆ ಹೋಗಿ, ಹೆಂಡತಿ ತುಳಸಿ ನೀಡಿದ ಮುದ್ದೆಯ ಮುಂದೆ ಕೂತು, “ನಿನ್ ತಮ್ಮ ಮುನಿಸ್ಕೊಂಡು ಆಚೆ ದಡದಲ್ಲೇ ಉಳ್ಕೊಂಡ, ಎಲ್ಲೋ ಕೆಲ್ಸ ನೋಡ್ಕೋತಾನಂತೆ,” ಎಂದೆ.

ತುಳಸಿ ನಂಬಿದಳು. ಮುದ್ದುರಂಗ ಹಿಂದೆಯೂ ಎರಡು ಸಲ ಹಾಗೆ ಮುನಿಸಿಕೊಂಡು ಹೋದವನೇ. ಗೌರಿಹಬ್ಬಕ್ಕೆ ಬರುತ್ತಾನೆ ಅಂದಳು. ದೀಪಾವಳಿಗೆ ಬಂದೇ ಬರುತ್ತಾನೆ ಅಂದಳು. ಅವನಿಗೆಂದು ಒಂದು ಪಂಚೆ ತೆಗೆದಿಟ್ಟಳು. ಅವಳು ಒಂದೊಂದು ಹಬ್ಬದ ಹೆಸರು ಹೇಳಿದಾಗಲೂ ನಾನು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದೆ. ಸರಿಯಾಗಿ ನಿದ್ದೆ ಮಾಡಿದ್ದು ಯಾವತ್ತು ಎಂದು ಕೇಳಿದರೆ ಶ್ರಾವಣಕ್ಕೆ ಮುಂಚೆ ಎನ್ನಬೇಕಿತ್ತು.

ಇನ್ನು ಕಡವಿನ ಜನ. ನಾನು ‘ಇಳಿ’ ಅಂದದ್ದು ಯಾರ ಕಿವಿಗೂ ಬಿದ್ದಿರಲಿಲ್ಲ, ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಅದೇ ವಾರದಿಂದ ಎಲ್ಲರ ಮುಖ ಬಿಗಿಯಿತು. ಹನ್ನೆರಡು ವರ್ಷ ನನ್ನ ಪಕ್ಕ ನಿಂತಿದ್ದ ಆಳು ಏನಾದ ಎಂದು ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಇವರಿಗೆಲ್ಲ ಗೊತ್ತಾಗಿಹೋಗಿದೆ, ನನ್ನನ್ನು ಕೊಲೆಗಾರನೆಂದು ಹೇಳಲಾರದೆ ಸುಮ್ಮನಿದ್ದಾರೆ ಎಂದುಕೊಂಡೆ. ಬೇರೆ ಯಾವ ಕಾರಣವೂ ನನ್ನ ತಲೆಗೆ ಹೊಳೆಯಲಿಲ್ಲ.

ಹೀಗಿರುವಾಗ ಗೇಟು ಹಾಕಿದರು. ನೀರು ಇಳಿಯುತ್ತ ಬಂದಂತೆ ನನ್ನ ಜೀವವೂ ಇಳಿಯುತ್ತ ಬಂತು. ನೀರು ಮುಚ್ಚಿಟ್ಟಿದ್ದನ್ನು ಮಾಗಿ ತೆರೆದು ತೋರಿಸುತ್ತದಲ್ಲ.

ಆ ವರ್ಷ ನನ್ನಷ್ಟು ತಿರುಗಾಟ ಯಾವ ದೋಣಿಯವನೂ ಮಾಡಲಿಲ್ಲ. ಯಾರು ಕರೆದರೂ ಹೊರಟೆ. ರಿಟೈರಾದ ಸ್ಕೂಲು ಮೇಡಂ ಪದ್ಮಾವತಮ್ಮನವರಂತೂ ವಾರಕ್ಕೆರಡು ಸಲ ಬಂದರು. ಅವರಿಗೆ ಎಪ್ಪತ್ತು ದಾಟಿದೆ, ಆದರೆ ದೋಣಿಯೊಳಗೆ ಡ್ರಿಲ್ ಮಾಡಿಸುತ್ತಾರೆ. “ಎಡ, ಬಲ! ದಾಸಪ್ಪ, ನೀವು ಕಾಲು ತಪ್ಪಿಸ್ತಾ ಇದೀರಿ,” ಎಂದು ಗದರುತ್ತಾರೆ. ಅವರು ಬಂಡೆಯ ಮೇಲಿನ ಪಾಚಿ, ಒಣಗಿದ ಚಿಪ್ಪು ನೋಡಿ ಖುಷಿಪಡುವಾಗ ನಾನು ನೆಲ ನೋಡುತ್ತಿದ್ದೆ. ನನ್ನ ಕಡವಿನಿಂದ ಕೆಳಕ್ಕೆ ಒಂದೊಂದೇ ತಿರುವು. ಪ್ರತಿ ಬಿಳಿ ಕಲ್ಲು ಕಂಡಾಗಲೂ ಉಸಿರು ಹಿಡಿದು ಹತ್ತಿರ ಹೋಗಿ, ಕಲ್ಲೇ ಎಂದು ಗೊತ್ತಾದ ಮೇಲೆ ಉಸಿರು ಬಿಡುತ್ತಿದ್ದೆ. ಕಣ್ಣು ನೆಟ್ಟಗಿದ್ದಿದ್ದರೆ ಅಷ್ಟು ಹತ್ತಿರ ಹೋಗಬೇಕಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

“ಏನು ಹುಡುಕ್ತಾ ಇದೀರಿ?” ಎಂದು ಒಂದು ದಿನ ಮೇಡಂ ಕೇಳಿಯೇಬಿಟ್ಟರು.

“ಏನಿಲ್ಲ ಮೇಡಂ, ಹೋದ ಸಲ ಒಂದು ಮೊಳೆ ಬಿದ್ದಿತ್ತು.”

“ಮೊಳೆಗೆ ಯಾರೂ ಇಷ್ಟು ಬೆವರಲ್ಲ,” ಎಂದರು. ಆಮೇಲೆ ಏನೋ ಹೇಳಹೊರಟವರು ತುಟಿ ಕಚ್ಚಿಕೊಂಡು ಮತ್ತೆ “ಎಡ, ಬಲ!” ಶುರುಮಾಡಿದರು.

ಹಾಗೆ ಎಲ್ಲ ತಿರುವು ನೋಡಿಯಾಯಿತು. ಉಳಿದದ್ದು ಕೆಳತೂಬು ಒಂದೇ. ನಮ್ಮ ಕಡವಿನಿಂದ ಮೂರು ಗಂಟೆಯ ದಾರಿ. ಅಲ್ಲಿ ನಾಲೆಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಇದೆ. ಮೇಲಿನಿಂದ ತೇಲಿ ಹೋದದ್ದೆಲ್ಲ, ಬಾಳೆದಿಂಡಾಗಲಿ ಸತ್ತ ಕರುವಾಗಲಿ, ಹೋಗಿ ಸಿಕ್ಕಿಕೊಳ್ಳುವುದು ಅಲ್ಲೇ. ಅದಕ್ಕೇ ನಾನು ಅತ್ತ ತಲೆ ಹಾಕಿರಲಿಲ್ಲ. ಹಿರಿಯ ದೋಣಿಯವನು ಬೈರಯ್ಯಜ್ಜ ಎರಡು ಸಲ, “ಕೆಳತೂಬಿನ ಕಡೆ ಒಂದ್ಸಲ ಹೋಗ್ಬಾರ್ದೇನ್ಲಾ? ಹೂಳೆತ್ತೋರ್ ಊಟ ಈ ವರ್ಷ ಬಲು ರುಚಿಯಂತೆ,” ಎಂದಿದ್ದ. ಹೇಳುವಾಗ ನನ್ನ ಮುಖ ನೋಡದೆ ಹುಣಸೆಮರ ನೋಡಿದ್ದ. ಹೆಣ ಅಲ್ಲಿದೆ, ಹೋಗಿ ತಗೊಂಡು ಬಾ ಎಂದು ಮುದುಕ ಸುತ್ತಿ ಬಳಸಿ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ.

ನೀರು ಬಿಡಲು ಎರಡೇ ದಿನ ಉಳಿದಿತ್ತು. ಅಟ್ಟದಿಂದ ಹಲಗೆ ಇಳಿಸಲೆಂದು ಏಣಿ ಹಾಕುತ್ತಿದ್ದೆ. ತುಳಸಿ ಬುತ್ತಿಗಂಟು ಹಿಡಿದು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಇಪ್ಪತ್ತೆರಡು ವರ್ಷ ಆಯ್ತು, ಒಂದ್ ದಿನಕ್ಕಾದ್ರೂ ನನ್ನ ಮಾಗಿ ದೋಣೀಲಿ ಕರ್ಕೊಂಡೋಗಿದೀರಾ? ಊರೋರ್ನೆಲ್ಲ ಸುತ್ತಾಡ್ಸಿದ್ರಿ. ಇವತ್ತು ನಾನೂ ಬರ್ತೀನಿ. ಕೆಳತೂಬಿಗೆ.”

“ಅಷ್ಟು ದೂರ ಯಾಕೆ? ಬಂಡೆ ತಿರುವಿಗೆ ಹೋಗಿ ಬರಾಣ.”

“ಕೆಳತೂಬಿಗೇ. ಅಲ್ಲಿ ಹತ್ತೂರ ಆಳು ಸೇರವ್ರಂತೆ. ರಂಗನ್ನ ಎಲ್ಲಾರ ಕಂಡೋರು ಇರ್ಬೋದು.”

ಏಣಿ ತೆಗೆದಿಟ್ಟು ಹಗ್ಗ ತಂದೆ. ಇಬ್ಬರೇ ಹೊರಟೆವು. ಅವಳು ಮುಂದಿನ ಹಗ್ಗ, ನಾನು ಹಿಂದಿನದು. ಎಳೆಬಿಸಿಲು, ನಾಲೆಯ ತಳದಲ್ಲಿ ಬಿರುಕುಬಿಟ್ಟ ಮಣ್ಣು, ಎರಡು ಕಡೆಯೂ ಎತ್ತರದ ಏರಿ. ತುಳಸಿಗೆ ಎಲ್ಲವೂ ಹೊಸದು. ನೆಲದಲ್ಲಿ ಸಿಕ್ಕ ಒಂದು ಸೌಟು ಎತ್ತಿ, “ಇದು ನಮ್ ಓರಗಿತ್ತೀದೇ ಕಣ್ರೀ, ನಾನೇ ಕದ್ದೆ ಅಂತ ವರ್ಷವೆಲ್ಲ ಹೇಳ್ಕೊಂಡು ತಿರುಗಿದ್ಲು!” ಎಂದು ನಕ್ಕಳು. ಆ ನಗು ಕೇಳುತ್ತ ನಾನು ಒಂದು ನಿರ್ಧಾರಕ್ಕೆ ಬರಬೇಕಾಯಿತು. ಜಾಲರಿಯ ಹತ್ತಿರ ಹೋಗಿ ಅವಳು ತಾನೇ ಕಾಣುವುದಕ್ಕಿಂತ ಮುಂಚೆ ನನ್ನ ಬಾಯಲ್ಲಿ ಕೇಳಲಿ.

“ತುಳಸಿ, ನಿನ್ ತಮ್ಮ ಆಚೆ ದಡದಲ್ಲಿ ಉಳೀಲಿಲ್ಲ. ನಾನು ನಡುನೀರಲ್ಲಿ ‘ಇಳಿ’ ಅಂದೆ. ಇಳಿದ. ಮೇಲೆ ಬಂದಿದ್ದನ್ನ ನಾನು ಕಾಣ್ಲಿಲ್ಲ.”

ಅವಳು ನಿಂತಳು. ಮುಂದಿನವರು ನಿಂತರೆ ಹಿಂದಿನವನೂ ನಿಲ್ಲಬೇಕು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

“ಶ್ರಾವಣದಾಗಾ?”

“ಹೂಂ.”

“ಐದು ತಿಂಗ್ಳು ನಾನು ಹಬ್ಬ ಎಣಿಸ್ಕೊಂಡು ಕೂತಿದ್ದೆ. ನೀನು ಎದುರಿಗೆ ಕೂತು ಉಣ್ತಾ ಇದ್ದೆ.” ‘ನೀವು’ ಹೋಗಿ ‘ನೀನು’ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಹೆಗಲ ಹಗ್ಗ ತೆಗೆದಳು. ದೋಣಿಯ ಮುಂದಿನ ತುದಿ ದಡ್ಡೆಂದು ನೆಲಕ್ಕೆ ಬಿತ್ತು. “ನಿನ್ ಜೊತೆ ಒಂದ್ ಹೆಜ್ಜೆ ಇಡಾಕಿಲ್ಲ ನಾನು.”

“ತುಳಸಿ, ಹೊರಕ್ಕೆ ಹೋಗ್ಬೇಡ, ನಿಂಗೆ ಈಜು ಬರಾಕಿಲ್ಲ!”

“ನನ್ನೂ ಇಳಿ ಅನ್ನು ನೋಡಾಣ! ಅನ್ನು!”

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ನಗೆಪಾಟಲಾಗಿ ಕಂಡಿರಬೇಕು, ಆದರೆ ಬಾಯಿಯ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ. ಅವಳು ಅಂಚು ದಾಟಿ ಹೋದಳು. ಮೊದಲ ಹೆಜ್ಜೆಗೇ ಕತ್ತಿನವರೆಗೆ ನೆನೆದು ಉಸಿರುಗಟ್ಟಿ, ಅಂದಾಜಿನಲ್ಲಿ ದಡದ ಕಡೆಗೆ ನುಗ್ಗಿ, ಸೊಂಟದಷ್ಟು ಆಳ ಸಿಕ್ಕಿದ ಮೇಲೆ ಏರಿಯ ಇಳಿಜಾರನ್ನು ಒಂದು ಕೈಯಲ್ಲಿ ಸವರಿಕೊಂಡು ನಡೆಯತೊಡಗಿದಳು. ಕೆಳಗೆ ಒಣ ಮಣ್ಣು, ಮೇಲೆ ಬಿಸಿಲು, ನಡುವೆ ಸೀರೆಯ ನೆರಿಗೆ ಬರಿಗಾಳಿಯಲ್ಲಿ ಅಗಲವಾಗಿ ತೇಲುತ್ತಿತ್ತು. ಬುತ್ತಿಗಂಟನ್ನು ತಲೆಯ ಮೇಲಿಟ್ಟುಕೊಂಡಿದ್ದಳು. ಅಷ್ಟು ಸಿಟ್ಟಿನಲ್ಲೂ ಅದನ್ನು ನೆನೆಯಲು ಬಿಟ್ಟಿರಲಿಲ್ಲ.

ಇಬ್ಬರು ಹೊರುವ ದೋಣಿಯನ್ನು ಒಬ್ಬನೇ ಹೊರುವುದೆಂದರೆ ಏನೆಂದು ಅಂದು ತಿಳಿಯಿತು. ಎರಡು ಹಗ್ಗವನ್ನೂ ನಾನೇ ಹಾಕಿಕೊಂಡು, ನಡುವೆ ನಿಂತು, ಹತ್ತು ಹೆಜ್ಜೆಗೊಮ್ಮೆ ಇಳಿಸಿ, ಅವಳಿಗೆ ಸಮವಾಗಿ ಎಳೆದುಕೊಂಡು ಹೋದೆ. ಅವಳು ಎಡವಿದರೆ ಹಿಡಿಯುವಷ್ಟು ಹತ್ತಿರದಲ್ಲಿ ಇದ್ದೆ. ಅವಳು ಅಳುತ್ತಿದ್ದಳೋ ಇಲ್ಲವೋ, ಮುಖವೆಲ್ಲ ಒದ್ದೆಯಾಗಿದ್ದರಿಂದ ಗೊತ್ತಾಗಲಿಲ್ಲ. ನಾನು ಅತ್ತೆ. ಯಾರಿಗೂ ಕಾಣದಂತೆ ಅಳುವ ವಯಸ್ಸು ನನ್ನದಲ್ಲ.

ಕೊನೆಯ ತಿರುವು ಕಳೆದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮುಂದೆ ಕಪ್ಪು ಗೆರೆಯಂತೆ ಜಾಲರಿ. ಅದರ ಬುಡದಲ್ಲಿ ಏನೋ ಬೆಳ್ಳಗೆ ಉದ್ದಕ್ಕೆ ಬಿದ್ದಿತ್ತು.

“ತುಳಸಿ, ನೀನು ಅಲ್ಲೇ ನಿಲ್ಲು,” ಎಂದೆ. “ಮೊದ್ಲು ನಾನು ಹೋಗಿ ನೋಡ್ತೀನಿ.”

ಆದರೆ ಅವಳು ಜಾಲರಿ ನೋಡುತ್ತಲೇ ಇರಲಿಲ್ಲ. ತಲೆಯೆತ್ತಿ ಏರಿಯ ಮೇಲೆ ನೋಡುತ್ತಿದ್ದಳು. ಅಲ್ಲಿ ಹೊಗೆ ಏಳುತ್ತಿತ್ತು, ಹುರಿದ ಒಣಮೆಣಸಿನ ಘಾಟು ಬರುತ್ತಿತ್ತು. ಹೂಳೆತ್ತುವವರ ಊಟದ ಚಪ್ಪರ ಇರಬೇಕೆಂದು ನಾನು ಅಂದುಕೊಳ್ಳುವಷ್ಟರಲ್ಲಿ ತುಳಸಿ, “ರಂಗ!” ಎಂದು ಕಿರುಚಿದಳು.

“ಅಕ್ಕಾ?” ಎಂಬ ದನಿ ಬಂತು. “ಇದೇನಕ್ಕ, ನೀರೊಳಗೆ ಯಾಕಿದ್ದೀಯ? ದೋಣಿ ಪಕ್ಕದಲ್ಲೇ ಅದಲ್ಲ!”

ಮುಖ ನನಗೆ ಕಾಣಲಿಲ್ಲ. ಆದರೆ ಹನ್ನೆರಡು ವರ್ಷ ಕಿವಿ ಕೊರೆದ ಆ ದನಿಯನ್ನು ನಾನು ಮರೆಯುವುದುಂಟೇ? ದೋಣಿಯೊಳಗೇ ಕುಸಿದು ಕೂತೆ. ದೋಣಿ ನನ್ನ ಸುತ್ತ ಇಳಿಯಿತು. ಬದುಕಿದ್ದಾನೆ, ಬದುಕಿದ್ದಾನೆ ಎಂದು ನೆಲಕ್ಕೆ ಹೇಳಿದೆ, ಅಂಚಿಗೆ ಹೇಳಿದೆ. ಬೆಳ್ಳಗೆ ಬಿದ್ದಿದ್ದದ್ದು ಏನೆಂದು ಆಮೇಲೆ ನೋಡಿದರೆ ಹೂಳೆತ್ತುವವರ ಕೈಯಿಂದ ಒಗೆಯುವಾಗ ಜಾರಿಬಿದ್ದಿದ್ದ ಪಂಚೆ.

ಎದ್ದು ನಿಂತಾಗ ಮುದ್ದುರಂಗ ಏರಿಯ ಇಳಿಜಾರಿನಲ್ಲಿ, ನೀರಿನ ಮಟ್ಟಕ್ಕಿಂತ ಒಂದು ಮೊಳ ಮೇಲೆ ಬಂದು ನಿಂತಿದ್ದ. ಕೈಯಲ್ಲಿ ಸಾರಿನ ಸೌಟು. ದಪ್ಪಗಾಗಿದ್ದ. ಅಕ್ಕನ ಕಡೆ ಕೈ ಚಾಚಿದ್ದ, ನನ್ನ ಕಡೆ ತಿರುಗಿರಲಿಲ್ಲ.

“ಹತ್ತು,” ಎಂದೆ. ಮತ್ತೆ ಕೂಗಿ ಹೇಳಿದೆ. “ಹತ್ತೋ ರಂಗ! ಹತ್ತು!”

ಅವನು ಹತ್ತಲಿಲ್ಲ. ಸೌಟನ್ನು ನನ್ನ ಕಡೆ ತೋರಿಸಿ, “ಐದು ತಿಂಗ್ಳಾದ್ಮೇಲೆ ಬಂತಾ ಬಾಯಿಗೆ?” ಎಂದ. “ಎಲ್ಲಾ ದೋಣಿಯೋರ್ಗೂ ಹೇಳಿದೀನಿ, ಭಾವ ಇಳಿ ಅಂದವ್ನೆ, ಅವ್ನೇ ಬಂದು ಕರೀಬೇಕು ಅಂತ. ಬೈರಯ್ಯಜ್ಜಂಗೆ ಗೊತ್ತು, ಆ ಮೇಡಮ್ಮಂಗೂ ಗೊತ್ತು. ಇಡೀ ಊರಿಗೆ ಗೊತ್ತು. ನೀನು ಬರ್ಲಿಲ್ಲ.”

ಆಗ ನನಗೆ ಎಲ್ಲರ ಬಿಗಿದ ಮುಖಗಳ ಅರ್ಥವಾಯಿತು. ಊರವರು ನನ್ನನ್ನು ಕೊಲೆಗಾರನೆಂದುಕೊಂಡಿರಲಿಲ್ಲ, ಕಲ್ಲುಮನಸ್ಸಿನವನೆಂದುಕೊಂಡಿದ್ದರು. ಇಳಿಸಿದವನ, ಅವನ ಮನೆಯವರ ಮುಂದೆ ಇಳಿದವನ ಹೆಸರೆತ್ತಬಾರದಲ್ಲ, ಎತ್ತಿರಲಿಲ್ಲ. ಬೈರಯ್ಯಜ್ಜ ಕಟ್ಟುಪಾಡು ಮುರಿಯದೆ ಹೇಳಬಹುದಾದಷ್ಟನ್ನು ಊಟದ ನೆಪದಲ್ಲಿ ಹೇಳಿದ್ದ.

“ನೀನು ಸತ್ತೋಗಿದೀಯ ಅಂದ್ಕೊಂಡಿದ್ದೆ ಕಣೋ,” ಎಂದೆ. “ಮಾಗಿಯೆಲ್ಲ ನಿನ್ ಹೆಣ ಹುಡುಕ್ದೆ.”

“ನಾನು? ಈಜಿ ಬೆಳೆದೋನು ನಾನು, ನಾನು ಸಾಯಾದಾ?” ಅವನಿಗೆ ಎಲ್ಲಕ್ಕಿಂತ ಇದರಿಂದಲೇ ಹೆಚ್ಚು ಅವಮಾನವಾದಂತೆ ಕಂಡಿತು. “ಸುಳ್ಳು ಹೇಳ್ಬೇಡ ಭಾವ. ನಾನು ಹತ್ತು ಎಣಿಸೋದ್ರೊಳಗೆ ದಡ ಸೇರಿದ್ದೆ. ನೀನು ತಿರುಗಿ ನೋಡ್ದೆ. ನಾನು ತಲೆ ಮೇಲಿನ ಟವಲು ಬಿಚ್ಚಿ ಬೀಸ್ದೆ. ಕಣ್ಣಿಗೆ ಏನೂ ಆಗಿಲ್ಲ ಅಂದಿದ್ದೋನು ನೀನೇ, ನನ್ನೇ ನೆಟ್ಟಗೆ ನೋಡಿ ಮುಖ ತಿರುಗಿಸ್ಕೊಂಡೆ. ಹೆಸರು ಕೂಗಿ ಕೂಗಿ ಅಣಕಿಸ್ದೆ. ‘ಹತ್ತು’ ಅನ್ಲಿಲ್ಲ, ಅದಿಲ್ದೆ ನಾನ್ಯಾಕೆ ಓಗೊಡ್ಲಿ? ಅದ್ಕೇ ಹೊರಟು ಬಂದೆ.”

ಏರಿಯ ಮೇಲೆ ಹೂಳೆತ್ತುವ ಆಳುಗಳು ತಟ್ಟೆ ಹಿಡಿದು ಸಾಲಾಗಿ ನಿಂತು ನೋಡುತ್ತಿದ್ದರು. ಅವರ ನಡುವೆ ಇಬ್ಬರು ಬೇರೆ ಕಡವಿನ ದೋಣಿಯವರ ದನಿಯೂ ಕೇಳಿತು. ನಾನು ಏನು ಹೇಳಬೇಕಿತ್ತೋ ಅದನ್ನು ಅವರಿಬ್ಬರ ಮುಂದೆ ಹೇಳಬೇಕಾಗಿತ್ತು. ಐದು ತಿಂಗಳ ಹಿಂದೆ ಆ ಒಂದು ಮಾತನ್ನು ಹೇಳಲಾರದೆ ತಾನೇ ಅವನನ್ನು ಇಳಿಸಿದ್ದು?

“ನಂಗೆ ಕಾಣ್ಲಿಲ್ಲ ರಂಗ,” ಎಂದೆ. “ಕಣ್ಣು ಮಂಜಾಗ್ಬುಟ್ಟದೆ. ಆಚೆ ದಡ ನಂಗೆ ಬರೀ ಹಸಿರು. ನೀನು ಹೇಳಿದ್ದೇ ಸರಿ. ಈಗ್ಲೂ ನಿನ್ ಮುಖ ಕಾಣ್ತಾ ಇಲ್ಲ. ದನಿಯಿಂದ ಗುರ್ತು ಹಿಡಿದೆ.”

ಯಾರೂ ನಗಲಿಲ್ಲ. ಮುದ್ದುರಂಗ ಸೌಟು ಕೆಳಗಿಳಿಸಿದ. ಅವನು ಎರಡು ಹೆಜ್ಜೆ ಕೆಳಗೆ ಬಂದ, ಇನ್ನೇನು ನೀರಿಗೆ ಕಾಲು ತಾಗಬೇಕು ಅನ್ನುವಲ್ಲಿ ನಿಂತ.

“ಈಗ ಕಾಣ್ತದಾ?”

“ಸ್ವಲ್ಪ. ಮೂಗು ಕಾಣ್ತದೆ.”

“ದೋಣಿ ಹತ್ತಿರ ತಗೊಂಬಾ ಮತ್ತೆ. ಈಜಿ ಬರೋಕೆ ನಾನೇನು ನಾಯಿನಾ?” ಅಂದ. ಅಷ್ಟರಲ್ಲಿ ಮೇಲಿನಿಂದ ಯಾರೋ ಸಾರು ಉಕ್ಕುತ್ತಿದೆ ಎಂದು ಕೂಗಿದರು. “ತಡಿ ಭಾವ, ನಲವತ್ತು ಜನರ ಊಟ ಅದೆ. ಬಡಿಸ್ಬುಟ್ಟು ಬತ್ತೀನಿ. ‘ಹತ್ತು’ ಅಂದ್ಮೇಲೆ ದೋಣಿ ಕೆಳಗಿಡಂಗಿಲ್ಲ, ನೆಪ್ಪಿರ್ಲಿ,” ಎಂದು ಏರಿ ಹತ್ತಿ ಹೋಗಿಬಿಟ್ಟ.

ಅದೂ ನಮ್ಮ ಕಟ್ಟುಪಾಡೇ. ಕರೆದವನು ದೋಣಿ ಎತ್ತಿ ಹಿಡಿದೇ ಕಾಯಬೇಕು. ಎರಡು ಹಗ್ಗವನ್ನೂ ಹೆಗಲಿಗೆ ಹಾಕಿ, ದೋಣಿ ಎತ್ತಿ ದಡದ ಹತ್ತಿರ ತಂದು ನಿಂತೆ. ಮೇಲೆ ಮುದ್ದೆ ಎಷ್ಟು, ಸಾರು ಎಷ್ಟು ಎಂದು ಅವನು ಒಬ್ಬೊಬ್ಬರನ್ನೇ ಗದರುವುದು ಕೇಳುತ್ತಿತ್ತು. ಗದರಲಿ. ಸಾಯಂಕಾಲದವರೆಗೆ ಬಡಿಸಲಿ. ಇನ್ನೊಂದು ದೋಣಿ ಹೆಗಲಿಗೇರಿಸಿದ್ದರೂ ಹೊತ್ತು ನಿಲ್ಲುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅಂಚಿನ ಹತ್ತಿರ ಸಪ್ಪಳವಾಯಿತು. ತುಳಸಿ ಸೀರೆ ಹಿಂಡಿಕೊಂಡು ಒಳಗೆ ಬಂದಳು. ನನ್ನ ಮುಖ ನೋಡಲಿಲ್ಲ. ಬುತ್ತಿಗಂಟನ್ನು ಅಡ್ಡಪಟ್ಟಿಗೆ ಕಟ್ಟಿ, ಮುಂದಿನ ಹಗ್ಗವನ್ನು ನನ್ನ ಹೆಗಲಿಂದ ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡಳು.

“ಸುಳ್ಳು ಹೇಳಿದ್ದು ನಾನು ಮರೆಯಾಕಿಲ್ಲ,” ಎಂದಳು.

“ಮರೀಬೇಡ.”

“ಸಂಕ್ರಾಂತಿವರ್ಗೂ ಮಾತಾಡಾಕಿಲ್ಲ.”

“ಸಂಕ್ರಾಂತಿ ಆಗ್ಲೇ ಮುಗೀತು ಕಣೆ.”

“ಹಂಗಾದ್ರೆ ಯುಗಾದಿವರ್ಗೂ,” ಅಂದಳು. ಅವಳ ಬೆನ್ನು ಅಲುಗಿತು. ನಕ್ಕಳೆಂದೇ ನನ್ನ ನಂಬಿಕೆ.

ಮುದ್ದುರಂಗ ಬಂದದ್ದು ಒಂದು ಗಂಟೆಯಾದ ಮೇಲೆ, ಮೂರು ಎಲೆಯಲ್ಲಿ ಮುದ್ದೆ, ಹುರುಳಿ ಸಾರು ಹಿಡಿದುಕೊಂಡು. ಬಲಗಾಲು ಅಂಚಿನೊಳಗೆ ಇಟ್ಟ. ಆಮೇಲೆ ಎಡಗಾಲು. ನಿಂತುಕೊಂಡೇ ಉಂಡೆವು. ಬೈರಯ್ಯಜ್ಜ ಹೇಳಿದ್ದು ನಿಜ, ಊಟ ರುಚಿಯಾಗಿತ್ತು. ಅಷ್ಟು ತಿಂಗಳ ಮೇಲೆ ಒಂದು ಮುದ್ದೆಯನ್ನು ಪೂರ್ತಿ ಉಂಡೆ.

ಹೊರಡುವಾಗ ಮುಂದಿನ ಹಗ್ಗ ಅವನು ತೆಗೆದುಕೊಂಡ. ತುಳಸಿ ನಡುವೆ, ನಾನು ಹಿಂದೆ. ಹತ್ತು ಮಾರು ಹೋಗಿರಲಿಲ್ಲ, ಶುರುಮಾಡಿದ. ಟವಲು ಬೀಸಿದ ಕಥೆ ಮೊದಲಿಂದ. ಕಣ್ಣು ತೋರಿಸಿಕೊಂಡು ಬಾ ಎಂದು ಹೋದ ಯುಗಾದಿಯಲ್ಲೇ ಹೇಳಿದ್ದ ಕಥೆ. ನನ್ನ ಅಪ್ಪನೂ ನನ್ನ ಹಾಗೇ ಹಟಮಾರಿಯಾಗಿದ್ದನೆಂಬ ಕಥೆ. “ಎಡಕ್ಕೆ ಭಾವ, ಎಡಕ್ಕೆ! ಅಲ್ಲಿ ಬಂಡೆ ಅದೆ. ಎಡ ಅಂದ್ರೆ ಯಾವ್ದು ಅಂತಾನೂ ಮರ್ತೋಯ್ತಾ?” ನೀರು ಬಿಟ್ಟ ದಿನದಿಂದ ಹುಟ್ಟು ಅವನ ಕೈಯಲ್ಲಿ, ಜನರನ್ನು ಹತ್ತಿಸಿ ಇಳಿಸುವ ಕೆಲಸ ನನ್ನದು, ಇದರಲ್ಲಿ ಎರಡನೆಯ ಮಾತಿಲ್ಲ ಎಂದ. ನಾನು ಹೂಂ ಎಂದೆ. ಯಾಕೆ ಹೂಂ ಅಂತೀಯ, ಎದುರು ಮಾತಾಡು, ಬೇಜಾರಾಗ್ತದೆ ಎಂದು ಅದಕ್ಕೂ ಬೈದ.

ಹೊತ್ತು ಇಳಿಯುತ್ತ ಬಂತು. ಬಂಡೆ ತಿರುವು ಕಳೆಯಿತು. ದೂರದಲ್ಲಿ ನಮ್ಮ ಕಡವಿನ ಹುಣಸೆಮರ ಕಾಣುತ್ತಿದೆ ಎಂದು ತುಳಸಿ ಹೇಳಿದಳು. ನನಗೆ ಕಾಣಲಿಲ್ಲ. ಕಂಡಿದ್ದರೂ ಅವಸರವೇನಿರಲಿಲ್ಲ. ಮುದ್ದುರಂಗನ ಬೈಗುಳ ಇನ್ನೂ ಅರ್ಧದಷ್ಟೂ ಮುಗಿದಿರಲಿಲ್ಲ. ನಾನು ಹೆಜ್ಜೆಯನ್ನು ಇನ್ನಷ್ಟು ಸಣ್ಣದು ಮಾಡಿದೆ.